ಅರ್ಥಿಂಗ್ ಗುಂಡಿಗೆ ಎರಡು ಕೊಡ

ಅರಸೀಕೆರೆಯ ಏಪ್ರಿಲ್ಲಿನಲ್ಲಿ
ಚೊಂಬು ನೀರಿಗೂ ಲೆಕ್ಕ ಇಡುವ ನಾನು
ಶುಕ್ರವಾರ ತುಳಸಿಗೊಂದು ಚೊಂಬು ಹಾಕಿ
ಹಿತ್ತಲ ಮೂಲೆಯ ಕಬ್ಬಿಣದ ಕೊಳವೆಗೆ
ಎರಡು ಕೊಡ ಸುರಿಯುತ್ತೇನೆ.

ಪಕ್ಕದ ಬಾಡಿಗೆ ಮನೆಯ ಪ್ರೇಕ್ಷಿತ, ಗ್ಯಾಂಗ್‌ಮನ್ ಮಗ,
ಕಾಂಪೌಂಡಿಗೆ ಗಲ್ಲ ಊರಿ ಕೇಳುತ್ತಾನೆ:
"ಆಂಟೀ, ಇದು ಯಾವಾಗ ಚಿಗುರುತ್ತೆ?"

ಚಿಗುರಲ್ಲ ಕಣೋ.
ಇದರ ಬುಡದಲ್ಲಿ ಇದ್ದಿಲಿದೆ, ಕಲ್ಲುಪ್ಪಿದೆ,
ಆಳುದ್ದ ಗುಂಡಿ ತೋಡಿಸಿದ ವೈರ್‌ಮನ್ ಇನಾಯತ್ ಸಾಬರ
ಒಂದು ಬೀಡಿ ತುಂಡೂ ಇದ್ದೀತು.
"ಮನೆ ಕಟ್ಟಿದೋರೆಲ್ಲ ಮೇಲೆ ನೋಡ್ತಾರಮ್ಮ,
ಕರೆಂಟು ಮಾತ್ರ ಕೆಳಗೆ ನೋಡುತ್ತೆ.
ದಾರಿ ತಪ್ಪಿದ್ದಕ್ಕೆ ಮಣ್ಣೇ ತೌರು.
ತೌರು ಒಣಗಬಾರದು" ಎಂದಿದ್ದರು.

ನಾನು ಒಣಗಿಸಿದ್ದೆ, ಮೂರು ಬೇಸಿಗೆ.
ವಾಷಿಂಗ್ ಮಷೀನು ಮುಟ್ಟಿದರೆ ಜುಮ್,
ನಲ್ಲಿ ತಿರುಗಿಸಿದರೆ ಜುಮ್.
ಏನೋ ಸೇರಿಕೊಂಡಿದೆ ಎಂದು ಅತ್ತೆ
ನಿಂಬೆಹಣ್ಣು ನಿವಾಳಿಸಿದರು.
ಹಣ್ಣು ಬಾಡಿತು, ಜುಮ್ ಬಾಡಲಿಲ್ಲ.
ಸಾಬರು ಬಂದು ಟೆಸ್ಟರ್ ಇಟ್ಟರು. ಕೆಂಪು ಕಣ್ಣು ಬಿಟ್ಟಿತು.
ಫ್ಯೂಜ್ ಕಿತ್ತು ನೋಡಿದರೆ
ತಾಮ್ರದ ಎಳೆ ಮೂರು ಸೇರಿಸಿ ಹೆಣೆದ ಜಡೆ!
"ಸುಡಬೇಕಾದ್ದು ಸುಡದಿದ್ರೆ
ಸುಡಬಾರದ್ದು ಸುಡುತ್ತಮ್ಮ,"
ಕೂದಲಿನಂಥ ತಂತಿ ಕಟ್ಟುತ್ತಾ ಹೇಳಿದರು.
ಜಡೆ ಹೆಣೆದ ಯಜಮಾನರು
ಪೇಪರು ಮುಖಕ್ಕೆ ಅಡ್ಡ ಹಿಡಿದು
ರಾಶಿಫಲ ಎರಡು ಸಲ ಓದಿದರು.

ಆಮೇಲೊಂದು ಭಾನುವಾರ, ಸಂಜೆ ಗಾಳಿಗೆ,
ನಮ್ಮ ಬಲ್ಬುಗಳು ಇದ್ದಕ್ಕಿದ್ದಂತೆ ಮದುವೆಮನೆಯಾದವು.
ಫ್ಯಾನು ಚಾವಣಿ ಕಿತ್ತುಕೊಂಡು ಹೊರಟಂತೆ.
"ಫುಲ್ ಕರೆಂಟು!" ಎಂದು ಬೀದಿ ಹಿಗ್ಗಿತು.
ಎದುರು ಸಾಲಿನಲ್ಲಿ ಮಾತ್ರ ದೀಪ ಮಿಣಮಿಣ.
ಒಂದು ಮನೆ ಮದುವೆ, ಒಂದು ಮನೆ ಸೂತಕ
ಅಂದರೆ ನ್ಯೂಟ್ರಲ್ ಹೋಯ್ತು ಅಂತ ತಿಳೀರಿ:
ಸಾಬರ ಮಾತು ಕಿವಿಯಲ್ಲೇ ಇತ್ತು.

ಒಣ ಚಪ್ಪಲಿ, ಒಣ ಕೈ.
ಮೇನ್ ಇಳಿಸಿದೆ.
ನೈಟಿ ಮೇಲೊಂದು ಟವೆಲು ಎಳೆದುಕೊಂಡು
ಬೀದಿಗೆ ಬಿದ್ದು ಕೂಗಿದೆ:
ಮೇನ್ ಇಳಿಸ್ರೀ, ಮೇನ್!
ಹದಿನಾಲ್ಕರಲ್ಲಿ ಹದಿಮೂರು ಮನೆ ಕಪ್ಪಾದವು.
ದಾಕ್ಷಾಯಿಣಿ ಮಾತ್ರ
ಧಾರಾವಾಹಿ ಇನ್ನೇನು ಮುಗಿಯುತ್ತೆ ಎಂದಳು.
ಮೊದಲು ಮುಗಿದದ್ದು ಫ್ರಿಜ್ಜು.
ಹೊಗೆಯ ನಡುವೆ ಅವಳ ಕೈಯಲ್ಲಿ ನೀರಿನ ಬಕೆಟ್ಟು;
ಕಿತ್ತುಕೊಂಡೆ, ಬಳೆ ಒಡೆಯಿತು,
ಯಾರದೆಂಬ ವಾದ ಇನ್ನೂ ಮುಗಿದಿಲ್ಲ.
ಅವಳ ಮೇನ್ ಇಳಿಸಿ
ಎದುರಿನ ಸೈಟಿನ ಮರಳು ತಂದು ಸುರಿದೆವು.

ಮೊಳೆಯ ಮೇಲಿನ ಟಾರ್ಚು ಮೊಳೆಯ ಮೇಲೇ ಇತ್ತು.
ಆ ರಾತ್ರಿ ನಮ್ಮನೆಯಲ್ಲಿ
ಯಾರೂ ಬೈಸಿಕೊಳ್ಳದ ಒಂದೇ ಸಂಗತಿ.

ಹನ್ನೊಂದಕ್ಕೆ ಲೈನ್‌ಮನ್ ಗುರುಶಾಂತ ಬಂದ, ಮೊಪೆಡ್ಡಿನಲ್ಲಿ.
ಸಬ್‌ಸ್ಟೇಷನ್ನಿಗೆ ಫೋನು. ಮತ್ತೊಮ್ಮೆ ಫೋನು.
ಗವುಸು ಉಬ್ಬಿಸಿ ಹಿಂಡಿ ತೂತಿದೆಯೇ ನೋಡಿದ.
"ಆಫ್ ಆಗಿದೆಯಲ್ಲ, ಹತ್ತಪ್ಪ" ಎಂದರು ಯಜಮಾನರು.
"ಆಫ್ ಅನ್ನೋದು ಮಾತು ಸಾರ್.
ತಂತಿ ಮಾತು ಕೇಳಲ್ಲ."
ಉದ್ದ ಕೋಲೆತ್ತಿ ತಂತಿಯನ್ನು ಮಣ್ಣಿಗೆ ಕಟ್ಟಿ
ಆಮೇಲೆ ಹತ್ತಿದ.
ಅವನು ಇಳಿಯುವತನಕ
ಬೀದಿಯಲ್ಲಿ ಒಬ್ಬರೂ ಸ್ವಿಚ್ಚಿನ ಹತ್ತಿರ ಹೋಗಲಿಲ್ಲ,
ಮಕ್ಕಳೂ ಕೂಡ.

ಈಗ ಶುಕ್ರವಾರ ಪ್ರೇಕ್ಷಿತನೂ ಬರುತ್ತಾನೆ,
ಸ್ಕೂಲ್ ಬಾಟಲಿಯಲ್ಲಿ ಉಳಿದ ಎರಡು ಗುಟುಕು ಹಿಡಿದು.
ಹೋದ ವಾರ ಕೊಳವೆಯ ಪಕ್ಕ
ಒಂದು ಅವರೆಕಾಳು ಒತ್ತಿದ.
ಉಪ್ಪಿನ ನೆಲ ಕಣೋ, ಎನ್ನಲು
ಬಾಯಿ ತೆರೆದೆ.
ಕೊಡ ತುಂಬಿತ್ತು. ಸುರಿದೆ.